ಹಮ್ಮ ಗೌಡ, ಮೂರೂವರೆ

ಸುಬ್ಬಿ ಮಾಡಿದ ತಪ್ಪು ಒಂದೇ ಒಂದು ಮಾತಿನದು. ಆ ಮಾತು ‘ಹೌದು’. ಸೋಮವಾರ ಬೆಳಿಗ್ಗೆ ಕೊಟ್ಟಿಗೆ ಬಳಿಯುತ್ತಿದ್ದಾಗ ಫೋನು ಬಂತು. ಕೈತುಂಬ ಸೆಗಣಿ. ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡಳು. ಆ ಕಡೆಯಿಂದ ಯಾರೋ ಹೆಣ್ಣುಮಗಳು, ‘ಹಮ್ಮ ಗೌಡ ಅವರಾ?’ ಎಂದು ಕೇಳಿದಳು. ಇವಳು ‘ಹೌದು’ ಎಂದುಬಿಟ್ಟಳು. ಹಮ್ಮ ಗೌಡ ಎಂದರೆ ಸುಬ್ಬಿಯ ಅತ್ತೆ. ಅತ್ತೆ ಸತ್ತು ಎರಡು ವರ್ಷವಾಗಿತ್ತು.

ಸತ್ತವರ ಹೆಸರು ಹಿಡಿದು ಕೇಳಿದರೆ ನಾನೇ ಎನ್ನುವವರೂ ಇದ್ದಾರೆಯೇ ಎಂದು ನೀವು ನಗಬಹುದು. ನಗುವವರು ನಗಲಿ. ಆದರೆ ಮೇಲಿನಕೊಪ್ಪದ ಡೇರಿಯಲ್ಲಿ ಹಾಲು ಹಾಕಿದವರು ಯಾರೂ ನಗುವುದಿಲ್ಲ, ಯಾಕೆಂದರೆ ಅವರಿಗೆ ಆ ‘ಹೌದು’ ಎಲ್ಲಿಂದ ಬಂತು ಎಂದು ಗೊತ್ತು.

ಕುಮಟಾದಿಂದ ಹೊಳನಗದ್ದೆ ದಾಟಿ ಬಾಡದ ಕಡೆ ಹೋಗುವಾಗ ಎಡಕ್ಕೆ ಗದ್ದೆಬಯಲಿನ ಆಚೆ ಇಪ್ಪತ್ತೆರಡು ಮನೆಗಳ ಕೊಪ್ಪ ಅದು. ಎಲ್ಲರೂ ಗೌಡರೇ. ಅಲ್ಲಿನ ಹಾಲಿನ ಸಂಘಕ್ಕೆ ಒಂದು ಕೋಣೆ, ಒಂದು ಜಗಲಿ, ಒಬ್ಬ ಸೆಕ್ರೆಟರಿ. ಸೆಕ್ರೆಟರಿ ದೇವರಾಜ ಹಾಲು ಅಳೆದು, ಪುಸ್ತಕದಲ್ಲಿ ಬರೆಯುವ ಮುಂಚೆ ಸದಸ್ಯರ ಹೆಸರನ್ನೂ ಲೀಟರನ್ನೂ ದೊಡ್ಡದಾಗಿ ಕೂಗುತ್ತಾನೆ. ತಂದವರು ‘ಹೌದು’ ಎನ್ನಬೇಕು. ಅಂದರೆ ಮಾತ್ರ ಬರೆಯುತ್ತಾನೆ. ಹಿಂದೊಮ್ಮೆ ಒಬ್ಬರ ಹಾಲು ಇನ್ನೊಬ್ಬರ ಹೆಸರಿಗೆ ಬಿದ್ದು ಎರಡು ಮನೆಯವರು ಜುಟ್ಟು ಹಿಡಿದುಕೊಂಡ ಮೇಲೆ ಬಂದ ಪದ್ಧತಿ ಇದು. ಈಗ ಅಳೆಯುವ ಮಶಿನ್ನು ತಾನೇ ಚೀಟಿ ಕೊಡುತ್ತದೆ. ಆದರೂ ಕೂಗುವುದು ನಿಂತಿಲ್ಲ.

ಸಂಘದಲ್ಲಿ ಸದಸ್ಯತ್ವ ಇದ್ದದ್ದು ಅತ್ತೆಯ ಹೆಸರಿಗೆ. ಹಸು ಅತ್ತೆಯದು, ಕರೆಯುವುದು ಅತ್ತೆ. ಕ್ಯಾನು ಹೊತ್ತು ಹೋಗುವುದು ಮಾತ್ರ ಸೊಸೆಯ ಕೆಲಸ. ಮದುವೆಯಾಗಿ ಬಂದ ಎಂಟನೆಯ ದಿನಕ್ಕೇ ಸುಬ್ಬಿ ಆ ಜಗಲಿಯ ಸಾಲಿನಲ್ಲಿ ನಿಂತಿದ್ದಳು. ‘ಹಮ್ಮ ಗೌಡ, ಮೂರೂವರೆ.’ ‘ಹೌದು.’ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಹಾಗೆಯೇ ಹದಿನಾರು ವರ್ಷ. ಆ ಹೆಸರು ಕಿವಿಗೆ ಬಿದ್ದರೆ ಬಾಯಿ ತಾನಾಗಿ ಹೌದು ಎನ್ನುವಷ್ಟು ಅದು ಮೈಗೆ ಹತ್ತಿಹೋಗಿತ್ತು.

ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಸುಬ್ಬಿ ಆ ಹೆಸರನ್ನು ದಿನಕ್ಕೆ ಎರಡು ಸಲ ಕೇಳಿದ್ದಳೇ ಹೊರತು ತನ್ನ ಬಾಯಲ್ಲಿ ಒಮ್ಮೆಯೂ ಆಡಿರಲಿಲ್ಲ. ಅತ್ತೆಯ ಹೆಸರನ್ನು ಸೊಸೆ ಹೇಳುವುದಿಲ್ಲ, ಅಷ್ಟೇ. ರೇಷನ್ ಅಂಗಡಿಯಲ್ಲಿ ಕೇಳಿದರೆ ಕಾರ್ಡನ್ನು ಮುಂದೆ ಚಾಚುತ್ತಿದ್ದಳು. ಬ್ಯಾಂಕಿನಲ್ಲಿ ಕೇಳಿದರೆ ಹಿಂದೆ ನಿಂತವರ ಮುಖ ನೋಡುತ್ತಿದ್ದಳು. ಹಿಂದೆ ನಿಂತವರು ನಮ್ಮ ಕಡೆಯವರಾಗಿದ್ದರೆ ಅರ್ಥಮಾಡಿಕೊಂಡು ತಾವೇ ಹೇಳುತ್ತಿದ್ದರು. ಬೇರೆಯವರಾಗಿದ್ದರೆ, ಪಾಪ, ಈ ಹೆಂಗಸಿಗೆ ಕಿವಿ ಕೇಳುವುದಿಲ್ಲ ಎಂದುಕೊಳ್ಳುತ್ತಿದ್ದರು.

ಅತ್ತೆ ತೀರಿಕೊಂಡಾಗ ಸೂತಕದ ದಿನಗಳಲ್ಲಿ ಈ ಮನೆಯ ಹಾಲು ಡೇರಿಗೆ ಹೋಗಲಿಲ್ಲ. ಹನ್ನೆರಡನೆಯ ದಿನ ಕಳೆದು ಸುಬ್ಬಿ ಮತ್ತೆ ಕ್ಯಾನು ಹೊತ್ತು ಹೋದಳು. ದೇವರಾಜ ಹಾಲು ಅಳೆದು, ಅಭ್ಯಾಸದ ಮೇಲೆ, ‘ಹಮ್ಮ ಗೌಡ, ಮೂರು’ ಎಂದು ಕೂಗಿ ನಾಲಿಗೆ ಕಚ್ಚಿಕೊಂಡ. ಸುಬ್ಬಿ ‘ಹೌದು’ ಎಂದಳು. ಹೆಸರು ಬದಲು ಮಾಡಬೇಕು ಅಕ್ಕ, ಒಂದು ಅರ್ಜಿ ಕೊಡು ಎಂದು ಅವನು ಮೆಲ್ಲಗೆ ಹೇಳಿದ. ಈ ವಾರ ಇರಲಿ ಎಂದಳು ಇವಳು. ತಾಯಿಯಿಲ್ಲದ ಮನೆಯಿಂದ ಬಂದವಳು ಅವಳು. ಹಸುವಿನ ಕೆಚ್ಚಲಿಗೆ ಕೈ ಹಾಕುವುದರಿಂದ ಹಿಡಿದು ಮಗುವಿಗೆ ನೀರು ಹಾಕುವವರೆಗೆ ಎಲ್ಲವನ್ನೂ ಕಲಿಸಿದ್ದು ಆ ಮುದುಕಿ. ಆ ಹೆಸರನ್ನು ಇನ್ನು ಯಾರೂ ಕೂಗುವುದಿಲ್ಲ ಎಂದು ನೆನೆಯುವುದು ಅವಳಿಂದ ಆಗಲಿಲ್ಲ. ಈ ವಾರ ಮುಂದಿನ ವಾರವಾಯಿತು. ಮಳೆಗಾಲ ಬಂತು, ಹೋಯಿತು. ದೇವರಾಜನೂ ಸುಮ್ಮನಾದ.

ಬರೀ ಹೆಸರು ಕೂಗುವುದಾಗಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ಹಾಲಿನ ಹಿಂದೆ ಸರ್ಕಾರದ ಸಬ್ಸಿಡಿ ಇತ್ತಲ್ಲ! ಲೀಟರಿಗೆ ಇಷ್ಟು ಎಂದು ಸರ್ಕಾರ ಕೊಡುವ ಪ್ರೋತ್ಸಾಹಧನ ಸಂಘಕ್ಕೆ ಬರುವುದಿಲ್ಲ. ಆಧಾರ್ ಹಿಡಿದು ನೆಟ್ಟಗೆ ಸದಸ್ಯರ ಖಾತೆಗೆ ಹೋಗುತ್ತದೆ. ಅತ್ತೆಯ ಖಾತೆಗೆ ಅದು ಬರುತ್ತಲೇ ಇತ್ತು. ಸುಬ್ಬಿಯ ಗಂಡ ತಿಮ್ಮ ಭಟ್ಕಳದಲ್ಲಿ ಗಾರೆ ಕೆಲಸಕ್ಕೆ ಇದ್ದವನು, ಹದಿನೈದು ದಿನಕ್ಕೊಮ್ಮೆ ಮನೆಗೆ ಬಂದಾಗ ಮನೆಯಲ್ಲಿದ್ದ ತಾಯಿಯ ಕಾರ್ಡ್ ಒಯ್ದು ಕುಮಟಾದ ಎಟಿಎಮ್ಮಿನಿಂದ ತೆಗೆದುಕೊಂಡು ಬರುತ್ತಿದ್ದ. ಹಿಂಡಿಗೆ ಹೋಯಿತು, ಹುಲ್ಲಿಗೆ ಹೋಯಿತು. ಒಮ್ಮೆ ಮಗಳು ಅಂಕಿತಾಳ ಕನ್ನಡಕಕ್ಕೂ ಹೋಯಿತು. ನಮ್ಮ ಹಾಲು, ನಮ್ಮ ಹಸು, ಹೆಸರು ಯಾರದಾದರೆ ಎಂತ ಎಂದು ಅವರಿಬ್ಬರೂ ತಿಳಿದಿದ್ದರು.

ಅತ್ತೆಯ ಹೆಸರಿನೆದುರು ಬರೆಸಿದ್ದು ಸುಬ್ಬಿಯ ನಂಬರು. ಅದಕ್ಕೆ ಸಬ್ಸಿಡಿ ಆಫೀಸಿನಿಂದ ಫೋನು ಮಾಡಿದ ಹೆಣ್ಣುಮಗಳು ಹೇಳಿದ್ದು ಇಷ್ಟು. ಎಪ್ಪತ್ತೈದು ದಾಟಿದ ಸದಸ್ಯರನ್ನೆಲ್ಲ ಕಣ್ಣಾರೆ ನೋಡಿ ಪರಿಶೀಲಿಸಬೇಕೆಂದು ಮೇಲಿನಿಂದ ಆದೇಶ ಬಂದಿದೆ. ಗುರುವಾರ ಹತ್ತು ಗಂಟೆಗೆ ಆಧಾರ್ ತೆಗೆದುಕೊಂಡು ಸಂಘಕ್ಕೆ ಬನ್ನಿ. ಸತ್ತವರ ಹೆಸರಿನಲ್ಲಿ ಕೆಲವರು ದುಡ್ಡು ತಿನ್ನುತ್ತಿದ್ದಾರಂತೆ, ಅದಕ್ಕೆ ಇಷ್ಟೆಲ್ಲ. ‘ನೀವು ಇದ್ದೀರಲ್ಲ ಅಮ್ಮ, ಸಾಕು’ ಎಂದು ಹೇಳಿ ಇಟ್ಟಳು.

ಆಗ ಸುಬ್ಬಿಗೆ ತಾನು ಎಂತ ಹೇಳಿದೆ ಎಂದು ಗೊತ್ತಾಯಿತು. ಬುಟ್ಟಿಯನ್ನು ಅಲ್ಲೇ ಬಿಟ್ಟು ಗೋಡೆಗೆ ಒರಗಿ ಕುಳಿತಳು. ತಿರುಗಿ ಫೋನು ಮಾಡಿ ತಪ್ಪಾಯಿತು ಎನ್ನೋಣವೆಂದರೆ ಬೆರಳು ಆಡಲಿಲ್ಲ. ಸುಮ್ಮನಿದ್ದು ಸಿಕ್ಕಿಬಿದ್ದರೆ ಮರೆತಿದ್ದೆ ಎನ್ನಬಹುದಿತ್ತು. ಈಗ ಬಾಯಿಬಿಟ್ಟು ನಾನೇ ಹಮ್ಮ ಎಂದಾಗಿದೆ. ಇಂಥ ಫೋನುಗಳೆಲ್ಲ ರೆಕಾರ್ಡ್ ಆಗುತ್ತವೆ ಎಂದು ಅಂಕಿತಾ ಎಂದೋ ಹೇಳಿದ್ದು ಆ ಹೊತ್ತಿಗೇ ನೆನಪಾಗಬೇಕೆ!

ಗಂಡನಿಗೆ ಫೋನು ಮಾಡಿದಳು. ಅವನು ಇವಳಿಗಿಂತ ಹೆಚ್ಚು ಹೆದರಿದ. ಎಟಿಎಮ್ಮಿನಲ್ಲಿ ಕ್ಯಾಮರಾ ಇರುತ್ತದೆ, ಅದರಲ್ಲಿ ಇರುವುದು ನನ್ನ ಮುಖ ಎಂದ. ಕಾರ್ಡನ್ನು ಒಲೆಗೆ ಹಾಕು ಎಂದ. ಮರುಕ್ಷಣ, ಬೇಡ ಬೇಡ, ಸುಟ್ಟರೆ ಇನ್ನೊಂದು ಕೇಸು, ಎಲ್ಲಾದರೂ ಅಡಗಿಸಿಡು ಎಂದ. ನೀನು ಬಾ ಎಂದರೆ ಸ್ಲ್ಯಾಬ್ ಹಾಕುವ ಕೆಲಸ ಬಿಟ್ಟು ಹೇಗೆ ಬರಲಿ ಎಂದು ತಲೆ ತಪ್ಪಿಸಿಕೊಂಡ. ಗಂಡಸರ ಧೈರ್ಯ ಹೀಗೆಯೇ, ಎಪ್ಪತ್ತು ಕಿಲೋಮೀಟರಿನಾಚೆ ಇದ್ದರೂ ನಡುಗುತ್ತದೆ. ಸುಬ್ಬಿ ಕಾರ್ಡನ್ನು ಅಕ್ಕಿಯ ಡಬ್ಬದಲ್ಲಿ ಹುಗಿದಳು. ಮಧ್ಯಾಹ್ನ ಅನ್ನಕ್ಕೆ ಅಕ್ಕಿ ತೆಗೆಯುವಾಗ ಅದು ಸೇರಿನೊಳಗೆ ಬಂತು. ಅದನ್ನು ಮತ್ತೆ ಡಬ್ಬದ ತಳಕ್ಕೆ ಹುಗಿದಳು.

ಆ ಮೂರು ದಿನ ಅವಳು ಪಟ್ಟ ಪಾಡು ಯಾರಿಗೂ ಬೇಡ. ಮೀನಿನ ಗಾಡಿಯ ಹಾರ್ನ್ ಕೇಳಿದರೆ ಪೊಲೀಸ್ ಜೀಪು ಬಂತು ಎಂದು ಹಿತ್ತಲಿಗೆ ಓಡಿದಳು. ಗದ್ದೆಯಾಚೆ ಬಿಳಿ ಕಾರೊಂದು ನಿಂತದ್ದಕ್ಕೆ ಹುಲ್ಲಿನ ಮರೆಗೆ ಕೂತಳು. ಅದು ಯಾರೋ ಬಾಡದ ಕಡಲ ದಂಡೆಗೆ ಹೋಗುವವರು ದಾರಿ ತಪ್ಪಿ ಬಂದದ್ದು. ಅಂಕಿತಾ ಕನ್ನಡಕ ಹಾಕಿಕೊಂಡು ಓದಲು ಕೂತರೆ ಸುಬ್ಬಿಗೆ ಆ ಕಡೆ ನೋಡಲು ಆಗುತ್ತಿರಲಿಲ್ಲ. ಹಿಂಡಿಗೆ ಹಾಕಿದೆವು ಎಂದರೆ ಸರ್ಕಾರ ಒಪ್ಪೀತು, ಹಾಲಿನ ದುಡ್ಡು ಹಸುವಿಗೇ ಹೋಯಿತು ಎನ್ನಬಹುದು. ಕನ್ನಡಕಕ್ಕೆ ಎಂತ ಹೇಳುವುದು? ಆ ಹುಡುಗಿಯ ಮೂಗಿನ ಮೇಲಿಂದ ಅದನ್ನು ಕಿತ್ತುಕೊಂಡು ಹೋಗುತ್ತಾರೆ ಎಂದೇ ಅವಳಿಗೆ ಅನಿಸಿಬಿಟ್ಟಿತು. ತನ್ನನ್ನು ಕಾರವಾರದ ಜೈಲಿಗೆ ಹಾಕಿದರೆ ಹಸುವನ್ನು ಯಾರು ಕರೆಯುತ್ತಾರೆ ಎಂದೂ ಯೋಚಿಸಿದಳು. ಹಸುವಿಗೂ ಇವಳ ನಡುಕ ತಾಗಿತೋ ಏನೋ, ಬುಧವಾರ ಬೆಳಿಗ್ಗೆ ಎರಡೂವರೆ ಲೀಟರಿಗೇ ಸೊರವು ನಿಲ್ಲಿಸಿ ಹಾಲು ಕಟ್ಟಿಕೊಂಡಿತು.

ಅಂದು ಡೇರಿಯಲ್ಲಿ ಎಲ್ಲರೂ ಹೋಗುವವರೆಗೆ ಕಾದು, ದೇವರಾಜನಿಗೆ ಎಲ್ಲವನ್ನೂ ಹೇಳಿದಳು. ಅವನ ಮುಖ ಬಿಳುಪಾಯಿತು. ಸತ್ತವರ ಹೆಸರನ್ನು ಎರಡು ವರ್ಷ ದಿನಕ್ಕೆರಡು ಸಲ ಕೂಗಿ ಬರೆದವನು ಅವನೇ ತಾನೆ! ಹೊರಗೆ ಇಣುಕಿ ನೋಡಿ, ಬಾಗಿಲು ಅರ್ಧ ಮುಚ್ಚಿ, ಒಂದು ಉಪಾಯ ತೆಗೆದ. ಅವನು ಉಪಾಯ ಎನ್ನುವಷ್ಟರಲ್ಲಿ ಅತ್ತೆಯ ಬದಲಿಗೆ ಬಂಗಾರಿಯನ್ನು ನಿಲ್ಲಿಸುವುದೇ ಅದು ಎಂದು ಸುಬ್ಬಿಗೆ ಹೊಳೆಯಿತು.

ಬಂಗಾರಿ ಪಕ್ಕದ ಮನೆಯ ಮುದುಕಿ, ಅತ್ತೆಯ ಓರಗೆಯವಳು, ಸಂಘದ ಪಟ್ಟಿಯಲ್ಲಿ ಇಲ್ಲದವಳು. ಅದೇ ಕುತ್ತಿಗೆ ತುಂಬ ಮಣಿಸರ, ಅದೇ ರವಿಕೆಯಿಲ್ಲದೆ ಉಟ್ಟ ಸೀರೆ, ಅದೇ ಒಣಗಿದ ಮುಖ. ಆಧಾರ್ ಕಾರ್ಡಿನ ಚಿತ್ರದಲ್ಲಿ ಇವರನ್ನು ಅವರೆನ್ನಬಹುದು, ಅವರನ್ನು ಇವರೆನ್ನಬಹುದು.

‘ಹೆದ್ರಬೇಡ ಅಕ್ಕ’ ಎಂದ ದೇವರಾಜ. ‘ಗದ್ದೆ ಕೆಲಸ ಮಾಡಿದ ಮುದುಕೀರ ಬೆರಳಿನ ಗೆರೆ ಸವೆದು ಆಧಾರ್ ಮಶಿನ್ನಿಗೆ ತಾಗೂದಿಲ್ಲ. ಮುಖ ನೋಡಿ ಬಿಡ್ತಾರೆ. ಇದೊಂದು ಸಲ ದಾಟಿದ್ರೆ ಆತು, ಆಮೇಲೆ ಮೆಲ್ಲಗೆ ಹೆಸರು ತೆಗ್ದುಬಿಡ್ವ.’

ಬಂಗಾರಿಗೆ ಇದೆಲ್ಲ ಆಟ. ಜೀವಮಾನದಲ್ಲಿ ಯಾರಿಗೂ ಹೆದರಿದ ಮುದುಕಿಯಲ್ಲ ಅದು. ಎರಡು ವರ್ಷದ ಹಿಂದೆ ಹೋದವಳು ನಾಳೆ ಹತ್ತು ಗಂಟೆಗೆ ಎದ್ದು ಬರುತ್ತಾಳೆ ಬಿಡು ಎಂದು ಎಲೆ ಹಾಕಿಕೊಂಡು ನಕ್ಕಿತು. ಹೆಸರು ಕರೆದರೆ ಎಂತ ಅನ್ನಬೇಕು ಎಂದು ಕೇಳಿತು. ಹೌದು ಅನ್ನು, ಸಾಕು ಎಂದಳು ಸುಬ್ಬಿ.

ಗುರುವಾರ ಹತ್ತಕ್ಕೆ ಸರಿಯಾಗಿ ಕಾರು ಬಂತು. ಇಳಿದವಳು ಮಾಲಿನಿ ಎಂಬ ಅಧಿಕಾರಿ. ಮೂವತ್ತರ ಒಳಗಿನ ಹುಡುಗಿ, ಘಟ್ಟದ ಮೇಲಿನವಳು, ಸೆಖೆಗೆ ಸೋತು ಹೋಗಿದ್ದಳು. ದೇವರಾಜನ ಮೇಜಿನ ಮೇಲೆ ಬೆರಳಿನ ಮಶಿನ್ನು ಇಟ್ಟು, ಪಟ್ಟಿ ಬಿಡಿಸಿ, ಒಬ್ಬೊಬ್ಬರನ್ನೇ ಕರೆದಳು. ಬೈಯಲಿಲ್ಲ, ಜೋರು ಮಾಡಲಿಲ್ಲ. ಒಬ್ಬ ಅಜ್ಜನಿಗೆ ನಿಲ್ಲಲು ಆಗದ್ದನ್ನು ನೋಡಿ ತನ್ನ ಕುರ್ಚಿಯನ್ನೇ ಕೊಟ್ಟಳು. ಅಧಿಕಾರಿ ಕೆಟ್ಟವಳಾಗಿದ್ದರೆ ಸುಬ್ಬಿಗೆ ಸಲೀಸಾಗುತ್ತಿತ್ತು. ಒಳ್ಳೆಯವಳ ಕಣ್ಣಿಗೆ ಮಣ್ಣೆರಚುವುದೆಂದರೆ ಅವಳಿಗೆ ಇನ್ನಷ್ಟು ಭಯವಾಯಿತು.

‘ಹಮ್ಮ ಗೌಡ.’

ಸುಬ್ಬಿಯ ಬಾಯಿ ತೆರೆಯಿತು. ಹಲ್ಲು ಕಚ್ಚಿ ಮುಚ್ಚಿಕೊಂಡಳು. ಬಂಗಾರಿ ಮುಂದೆ ಹೋಗಿ, ಸರಿಯಾಗಿ, ಗಟ್ಟಿಯಾಗಿ, ‘ಹೌದು’ ಎಂದಿತು.

ಜಗಲಿಯ ತುಂಬ ಕೊಪ್ಪದವರು. ಎಲ್ಲರಿಗೂ ಗೊತ್ತು. ಎಲ್ಲರೂ ತಮ್ಮ ತಮ್ಮ ಕಾಲಿನ ಹೆಬ್ಬೆರಳು ನೋಡುತ್ತ ನಿಂತರು. ಮಶಿನ್ನು ಮೂರು ಸಲ ಬೆರಳನ್ನು ಒಲ್ಲೆ ಎಂದಿತು. ಮಾಲಿನಿ ಕಾರ್ಡಿನ ಚಿತ್ರ ನೋಡಿದಳು, ಮುದುಕಿಯ ಮುಖ ನೋಡಿದಳು, ಮತ್ತೆ ಚಿತ್ರ ನೋಡಿದಳು. ಸರಿ ಅಜ್ಜಿ ಎಂದಳು. ದೇವರಾಜ ಬಿಟ್ಟ ಉಸಿರು ಸುಬ್ಬಿಯವರೆಗೂ ಕೇಳಿತು. ಮುಗಿಯಿತು, ದಾಟಿದೆವು ಎಂದು ಅವಳಿಗೂ ಅನಿಸಿತು.

ಅಷ್ಟರಲ್ಲಿ ಆ ಹುಡುಗಿ ಇನ್ನೊಂದು ಕಾಗದ ತೆಗೆದಳು. ಬೆರಳು ತಾಗದವರಿಗೆ ಮನೆಯವರೊಬ್ಬರು ಗುರುತು ಹೇಳಿ ಸಹಿ ಹಾಕಬೇಕಂತೆ. ಹಿಂದಿನ ಅಜ್ಜನಿಗೆ ಮಗ ಹಾಕಿದ್ದ. ಇವರ ಮನೆಯವರು ಯಾರು ಎಂದು ಕೇಳಿದಳು. ಬಂಗಾರಿ ಹಿಂದೆ ಮುಂದೆ ನೋಡದೆ ಸುಬ್ಬಿಯ ಕಡೆ ಬೆರಳು ಮಾಡಿ, ಅಲ್ಲಿ ಅದೆ ನನ್ನ ಸೊಸೆ ಎಂದಿತು.

ಸುಬ್ಬಿ ಮೇಜಿನ ಹತ್ತಿರ ಹೋದಳು. ಹೇಗೆ ಹೋದಳೋ ಅವಳಿಗೇ ಗೊತ್ತಿಲ್ಲ. ಮಾಲಿನಿ ಪೆನ್ನು ಅವಳ ಕೈಗೆ ಕೊಟ್ಟು, ತಲೆ ಎತ್ತದೆಯೇ ಹೇಳಿದಳು.

‘ಇವರು ನಿಮಗೆ ಏನಾಗಬೇಕು, ಹೆಸರೇನು, ನೀವೇ ಬಾಯಿಬಿಟ್ಟು ಹೇಳಿ ಸಹಿ ಮಾಡಿ.’

ಅತ್ತೆ ಎಂದಳು ಸುಬ್ಬಿ. ಅದು ಬಂತು. ಹೆಸರು ಬರಲಿಲ್ಲ. ಹಿಂದೆ ನಿಂತವರ ಮುಖ ನೋಡಿದಳು, ಬ್ಯಾಂಕಿನಲ್ಲಿ ನೋಡುತ್ತಿದ್ದ ಹಾಗೆ. ದೇವರಾಜ ಗಾಬರಿಯಿಂದ, ನಮ್ಮಲ್ಲಿ ಸೊಸೆಯರು ಅತ್ತೆ ಹೆಸರು ಹೇಳುವುದಿಲ್ಲ ಮೇಡಂ, ನಾನು ಹೇಳುತ್ತೇನೆ ಎಂದು ಮುಂದೆ ಬಂದ. ಮನೆಯವರೇ ಹೇಳಬೇಕು ಎಂದಳು ಮಾಲಿನಿ. ಅವಳಿಗೂ ಮೇಲಿನವರು ಹಾಗೆ ಹೇಳಿ ಕಳಿಸಿದ್ದಾರೆ.

ಸುಬ್ಬಿ ಬಂಗಾರಿಯನ್ನು ನೋಡಿದಳು. ಬಂಗಾರಿ ಎಲೆಯಡಿಕೆಯ ಬಾಯಿ ಬಿಟ್ಟು, ಹೇಳು ಹೇಳು ಎಂದು ಕಣ್ಣು ಮಿಟುಕಿಸುತ್ತಿತ್ತು. ಹದಿನಾರು ವರ್ಷದಿಂದ ಹಲ್ಲಿನ ಹಿಂದೆ ಇಟ್ಟುಕೊಂಡ ಹೆಸರು ಅದು. ಅತ್ತೆ ಬದುಕಿದ್ದಾಗ ಮರ್ಯಾದೆಗೆ ಆಡಲಿಲ್ಲ, ಸತ್ತ ಮೇಲೆ ಪ್ರೀತಿಗೆ ಆಡಲಿಲ್ಲ. ಈಗ ಮೊದಲ ಸಲ ಬಾಯಿಗೆ ತಂದು, ಇನ್ನೊಬ್ಬಳ ಮೇಲೆ ಹಾಕಬೇಕು. ಜೈಲಿನ ಭಯ ಇದ್ದೇ ಇತ್ತು. ಆದರೆ ಈ ಭಯ ಅದಕ್ಕಿಂತ ದೊಡ್ಡದು. ಅತ್ತೆ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದೆ ಎಂದೇ ಅವಳಿಗೆ ಅನಿಸಿತು.

‘ಹಮ್ಮ ಗೌಡ’ ಎಂದಳು. ತನ್ನ ದನಿ ತನಗೇ ಗುರುತಾಗಲಿಲ್ಲ. ‘ಹಮ್ಮ ಗೌಡ ಇದಲ್ಲ ಅಮ್ಮ. ಹಮ್ಮ ಗೌಡ ಸತ್ತು ಎರಡು ವರ್ಷ ಆತು. ಫೋನಿನಲ್ಲಿ ಹೌದು ಅಂದದ್ದೂ ನಾನೇ. ದುಡ್ಡು ತಿಂದದ್ದೂ ನಾವೇ.’

ಪೆನ್ನನ್ನು ಮೇಜಿನ ಮೇಲೆ ಇಟ್ಟಳು. ಮಾಲಿನಿ ತಲೆ ಎತ್ತಿದಳು. ಬಂಗಾರಿ ಮೆಲ್ಲಗೆ ಕಾರ್ಡನ್ನು ಮೇಜಿನ ಮೇಲೆ ಬಿಟ್ಟು ಜನರ ಹಿಂದೆ ಸರಿಯಿತು. ದೇವರಾಜ ಗೋಡೆಯ ಕ್ಯಾಲೆಂಡರ್ ಓದತೊಡಗಿದ. ಆಮೇಲೆ ಆ ಹುಡುಗಿ ಸುಬ್ಬಿಯನ್ನು ಕೂರಿಸಿ ಎಲ್ಲ ಕೇಳಿದಳು, ಇವಳು ಎಲ್ಲ ಹೇಳಿದಳು, ಕನ್ನಡಕದವರೆಗೂ. ತೆಗೆದ ದುಡ್ಡನ್ನು ಕಟ್ಟಬೇಕಾಗುತ್ತದೆ, ಕಾಗದ ಬರುತ್ತದೆ, ಸೆಕ್ರೆಟರಿಗೂ ನೋಟೀಸು ಬರುತ್ತದೆ ಎಂದಳು. ನನ್ನನ್ನು ಹಿಡಿದುಕೊಂಡು ಹೋಗುತ್ತಾರಾ ಎಂದು ಸುಬ್ಬಿ ಕೇಳಿದಳು.

‘ನನಗೆ ಗೊತ್ತಿಲ್ಲಮ್ಮ, ಅದು ಮೇಲಿನವರು ನೋಡಬೇಕು. ನೀವೇ ಹೇಳಿದಿರಿ ಅಂತ ನಾನು ಬರೀತೀನಿ.’

ಹೋಗುವಾಗ ಪಟ್ಟಿಯಲ್ಲಿ ಒಂದು ಗೆರೆ ಎಳೆದು, ಸಂಜೆಯ ಹಾಲಿನಿಂದಲೇ ಸರಿಯಾದ ಹೆಸರಿನಲ್ಲಿ ಬರೆಯಿರಿ ಎಂದು ದೇವರಾಜನಿಗೆ ಹೇಳಿ ಹೋದಳು.

ಸಂಜೆ ಸುಬ್ಬಿ ಹಾಲು ಕರೆಯಲು ಕುಳಿತಳು. ಹಸು ಬುಧವಾರದ ಹಾಗೆ ಹಟ ಮಾಡಲಿಲ್ಲ, ಇದ್ದದ್ದನ್ನೆಲ್ಲ ಇಳಿಸಿತು. ಕ್ಯಾನು ಹೊತ್ತು ಸಾಲಿನಲ್ಲಿ ನಿಂತಳು. ಮುಂದಿನವಳು ಸುಮ್ಮನೆ ತನ್ನ ಜಾಗ ಬಿಟ್ಟುಕೊಟ್ಟಳು. ದೇವರಾಜ ಹಾಲು ಸುರಿದು, ಅಳತೆ ನೋಡಿ, ಹೊಸ ಪುಟ ತಿರುವಿದ.

‘ಸುಬ್ಬಿ ಗೌಡ, ಮೂರೂವರೆ.’

ಯಾರನ್ನು ಕರೆಯುತ್ತಿದ್ದಾನೆ ಎಂದು ಸುಬ್ಬಿ ತಿರುಗಿ ನೋಡಿದಳು. ದೇವರಾಜ ಇನ್ನೊಮ್ಮೆ ಕೂಗಿದ. ಆಗ ಅವಳಿಗೆ ಅರ್ಥವಾಯಿತು, ಮತ್ತು ಮೂರು ದಿನ ಅವಳನ್ನು ಅಟ್ಟಾಡಿಸಿದ ಜೀಪು, ಜೈಲು, ಎಟಿಎಮ್ಮಿನ ಕ್ಯಾಮರಾ ಯಾವುದೂ ಆ ಗಳಿಗೆಯಷ್ಟು ಅವಳನ್ನು ಹೆದರಿಸಿರಲಿಲ್ಲ. ಒಂದು ಮಾತು ಆಡಿದರೆ ಅತ್ತೆ ಈ ಜಗಲಿಯಿಂದಲೂ ಹೋಗಿಬಿಡುತ್ತದೆ. ಆಡದಿದ್ದರೆ ಅವನು ಬರೆಯುವುದಿಲ್ಲ. ಸಾಲು ಕಾಯುತ್ತಿತ್ತು, ಸುರಿದ ಹಾಲಿನ ಮೇಲೆ ನೊರೆ ಇಳಿಯುತ್ತಿತ್ತು.

ಮೂರನೆಯ ಸಲ ದೇವರಾಜ ಕೂಗಲಿಲ್ಲ. ಪೆನ್ನು ಕೆಳಗಿಟ್ಟು, ‘ಅಕ್ಕ, ನೀನೇ’ ಎಂದ.

‘ಹೌದು’ ಎಂದಳು ಸುಬ್ಬಿ, ಖಾಲಿ ಕ್ಯಾನನ್ನು ಎತ್ತಿಕೊಂಡಳು.